ಅರ್ಧ ತಾಸಿನ ಹತ್ತಿ

ಭಾನುವಾರ ರಾತ್ರಿ ಎಂಟೂವರೆಗೆ ನಮ್ಮ ಮನೆಯ ಗೇಟು ಸದ್ದು ಮಾಡಿತೆಂದರೆ ಓಣಿಯ ಯಾರೋ ಒಬ್ಬ ತಾಯಿ ಬಂದಿದ್ದಾಳೆಂದೇ ಅರ್ಥ. "ಟೀಚರ್, ನಾಳೆ ಪ್ರಾಜೆಕ್ಟ್ ಕೊಡಬೇಕಂತ್ರೀ. ಈಗ ಊಟಕ್ಕ ಕುಂತಾಗ ಹೇಳ್ತಾನ ನೋಡ್ರಿ ಇವ. ನಿಮ್ಮ ಕಡೆ ಥರ್ಮೊಕೋಲ್ ಏನಾರ ಐತೇನ್ರೀ?" ಆಕೆಯ ಹಿಂದೆ ತಲೆ ತಗ್ಗಿಸಿಕೊಂಡು ನಿಂತ ಮಗ. ನನ್ನ ಮನೆಯ ಅಟ್ಟದ ಮೇಲೆ ಮೂವತ್ತು ವರ್ಷದ ಪ್ರಾಜೆಕ್ಟುಗಳ ಅವಶೇಷಗಳಿವೆ: ಕಿವಿ ಮುರಿದ ತಾಜಮಹಲು, ಶನಿಗ್ರಹ ಬಿದ್ದುಹೋದ ಸೌರವ್ಯೂಹ. ಏನಾದರೊಂದು ಹುಡುಕಿ ಕೊಟ್ಟು ಕಳಿಸುತ್ತೇನೆ. ಇದನ್ನು ಓದುತ್ತಿರುವ ನಿಮ್ಮಲ್ಲಿಯೂ ಎಷ್ಟೋ ಜನ ನಡುರಾತ್ರಿಯವರೆಗೆ ಕೂತು ಮಗಳ ಜ್ವಾಲಾಮುಖಿಗೆ ಬಣ್ಣ ಹಚ್ಚಿದವರೇ ಇದ್ದೀರಿ. ಈಗ ಅಷ್ಟು ಕಷ್ಟವೂ ಬೇಡ. ಝೆರಾಕ್ಸ್ ಅಂಗಡಿಯವನಿಗೆ ವಿಷಯ ಹೇಳಿದರೆ ಸಾಕು, ಬಣ್ಣದ ಮುಖಪುಟ ಹಾಕಿ ಸ್ಪೈರಲ್ ಬೈಂಡ್ ಮಾಡಿಯೇ ಕೊಡುತ್ತಾನೆ. ಹುಡುಗ ತನ್ನ ಹೆಸರನ್ನು ತಾನೇ ಬರೆದರೆ ಅಷ್ಟರಮಟ್ಟಿಗೆ ಅವನದೂ ಪಾಲು ಸೇರಿತು.

ಅಂಗಡಿಯವನನ್ನು ಬೈದು ಏನು ಮಾಡುವುದು? ಅಂಥ ಪ್ರಾಜೆಕ್ಟುಗಳಿಗೆ ಹತ್ತಕ್ಕೆ ಒಂಬತ್ತು ಅಂಕ ಹಾಕಿ ಸಹಿ ಮಾಡಿದವಳು ನಾನೇ.

ನಾನು ಬಿ.ಎಡ್. ಮಾಡಿದ್ದು 1992ರಲ್ಲಿ. ಆಗ 'ಯೋಜನಾ ಪದ್ಧತಿ' ಎಂಬುದೊಂದು ಹತ್ತು ಅಂಕದ ಪ್ರಶ್ನೆ. ಅರ್ಥ, ಸೋಪಾನಗಳು, ಗುಣಗಳು, ದೋಷಗಳು. ಗುಣ ಐದು, ದೋಷ ನಾಲ್ಕು ಬರೆದರೆ ಏಳು ಅಂಕಕ್ಕೆ ಮೋಸವಿಲ್ಲ. ಪ್ರವರ್ತಕರು ಕಿಲ್‌ಪ್ಯಾಟ್ರಿಕ್ ಎಂದು ಬರೆದು ಹೆಸರಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದೆವು. ಆತ ಏನು ಹೇಳಿದ್ದ, ಯಾಕೆ ಹೇಳಿದ್ದ ಎಂದು ನಾವೂ ಕೇಳಲಿಲ್ಲ, ನಮಗೆ ಯಾರೂ ಹೇಳಲಿಲ್ಲ. ಯೋಜನಾ ಪದ್ಧತಿಯನ್ನು ಗಿಳಿಪಾಠ ಒಪ್ಪಿಸಿ ಪಾಸಾದವರು ನಾವು.

ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. 1918ರ ಸೆಪ್ಟೆಂಬರಿನಲ್ಲಿ ಅವರು ಯೋಜನಾ ಪದ್ಧತಿಯ ಮೇಲೆ ಬರೆದ ಲೇಖನ ದೇಶದೇಶಗಳ ಶಿಕ್ಷಕರ ಕೈಗೆ ಹೋಯಿತು. ಅದರಲ್ಲಿ ಅವರು ಕೊಡುವ ಒಂದು ಉದಾಹರಣೆ ನಮ್ಮ ಅಡುಗೆಮನೆ, ನಡುಮನೆಗೆ ಹತ್ತಿರದ್ದು. ಒಬ್ಬ ಹುಡುಗಿ ಒಂದು ಫ್ರಾಕು ಹೊಲಿದುಕೊಳ್ಳುತ್ತಾಳೆ ಎನ್ನಿ. ಹೊಲಿಯಬೇಕೆಂದು ಅವಳಿಗೇ ಮನಸಾರೆ ಅನ್ನಿಸಿ, ಅಳತೆ ಆಕಾರ ಅವಳೇ ಯೋಚಿಸಿ, ಅವಳೇ ಹೊಲಿದರೆ ಅದು ಪ್ರಾಜೆಕ್ಟು. ಅದೇ ಫ್ರಾಕನ್ನು ಇನ್ನೊಬ್ಬರ ಬಲವಂತಕ್ಕೆ ಹೊಲಿದರೆ ಅದು ಬರೀ ದುಡಿಮೆ. ಬಟ್ಟೆ ಅದೇ, ದಾರ ಅದೇ, ಆದರೆ ಒಳಗೆ ಮನಸ್ಸಿದೆಯೋ ಇಲ್ಲವೋ ಅದೇ ವ್ಯತ್ಯಾಸ. (ಹೊಲಿಗೆಗೆ ಹುಡುಗಿಯನ್ನೂ ಪತ್ರಿಕೆ ಹೊರಡಿಸುವುದಕ್ಕೆ ಹುಡುಗನನ್ನೂ ಆತ ಆರಿಸಿಕೊಂಡರು. ಅಮೆರಿಕೆಯಲ್ಲೂ ಆಗ ಹಾಗೆಯೇ ಇತ್ತಲ್ಲ ಎಂದು ನನಗೆ ನಗು ಬಂತು.)

ಪ್ರಾಜೆಕ್ಟು ಎಂಬ ಮಾತನ್ನು ಮೊದಲು ಬಳಸಿದವರು ಅವರಲ್ಲ. ಅದಕ್ಕೂ ಹತ್ತು ವರ್ಷ ಮುಂಚೆ, 1908ರ ಸುಮಾರಿಗೆ, ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್ ಎಂಬಲ್ಲಿನ ಕೃಷಿ ಶಾಲೆಯಲ್ಲಿ ರೂಫಸ್ ಸ್ಟಿಮ್ಸನ್ ಎಂಬವರು ಒಂದು ಏರ್ಪಾಟು ಮಾಡಿದ್ದರು. ಮಕ್ಕಳು ತಮ್ಮ ಮನೆಯ ಹೊಲದಲ್ಲೇ ಬೆಳೆ ಬೆಳೆದು ಲೆಕ್ಕ ಇಡಬೇಕು, ಅದಕ್ಕೆ ಬೇಕಾದ ವಿದ್ಯೆಯನ್ನು ಶಾಲೆ ಹೇಳಿಕೊಡಬೇಕು. ಮನೆಯ ಕೆಲಸ ಮತ್ತು ಶಾಲೆಯ ಪಾಠ ಬೇರೆಬೇರೆಯಾಗಬಾರದು ಎಂಬುದು ಅವರ ಆಸೆ. ನಮ್ಮ ದೇಶಕ್ಕೂ ಈ ಗಾಳಿ ಬೇಗನೆ ಬೀಸಿತು. 1920ರ ದಶಕದಲ್ಲಿಯೇ ಪಂಜಾಬಿನ ಮೋಗಾ ಎಂಬಲ್ಲಿ ಹಳ್ಳಿಯ ಮಕ್ಕಳಿಗೆ ಈ ಪದ್ಧತಿಯಲ್ಲಿ ಕಲಿಸುತ್ತಿದ್ದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಿಲ್‌ಪ್ಯಾಟ್ರಿಕ್ ಅಲ್ಲ, ಅವರಿಗೆ ಗುರುವಾಗಿದ್ದ ಜಾನ್ ಡ್ಯೂಯಿ. ಡ್ಯೂಯಿ 1896ರಲ್ಲಿ ಶಿಕಾಗೋದಲ್ಲಿ ಹದಿನಾರು ಮಕ್ಕಳನ್ನು ಇಟ್ಟುಕೊಂಡು ಒಂದು ಶಾಲೆ ತೆರೆದರು. ಅಲ್ಲಿ ನಡೆಯುತ್ತಿದ್ದುದನ್ನು 1899ರಲ್ಲಿ ಮಕ್ಕಳ ತಂದೆತಾಯಿಗಳಿಗೆ ಭಾಷಣ ಮಾಡಿ ವಿವರಿಸಿದರು. ಆ ಭಾಷಣಗಳ ಪುಸ್ತಕ ಒಂದು ಬೇಸಿಗೆ ರಜೆಯಲ್ಲಿ ನನ್ನ ಕೈಗೆ ಬಂತು. ಅದರಲ್ಲಿ ಹತ್ತಿಯ ಒಂದು ಪ್ರಸಂಗವಿದೆ. ಮನುಷ್ಯ ಬಟ್ಟೆ ಮಾಡಿಕೊಂಡ ಕಥೆಯನ್ನು ಕಲಿಸುವುದಕ್ಕೆ ಮಕ್ಕಳ ಕೈಗೆ ಕುರಿಯ ಉಣ್ಣೆಯನ್ನೂ ಗಿಡದಿಂದ ಕಿತ್ತ ಹತ್ತಿಯನ್ನೂ ಕೊಟ್ಟಿದ್ದಾರೆ. ಒಂದು ಗುಂಪಿನ ಮಕ್ಕಳು ಅರ್ಧ ತಾಸು ಕೂತು ಹತ್ತಿಯಿಂದ ಕಾಳು ಬಿಡಿಸಿದರೂ ಸಿಕ್ಕ ಅರಳೆ ಒಂದು ಔನ್ಸೂ ಆಗಲಿಲ್ಲ. ಅಂದರೆ ಇಪ್ಪತ್ತೆಂಟು ಗ್ರಾಮಿಗೂ ಕಡಿಮೆ. ಜಗತ್ತಿನ ಬಹುಕಡೆ ಉಣ್ಣೆಯ ಬಟ್ಟೆ ಮೊದಲು ಬಂದು ಹತ್ತಿಯದು ಹಿಂದೆ ಬಿದ್ದದ್ದೇಕೆ ಎಂಬುದು ಆ ಮಕ್ಕಳಿಗೆ ಪುಸ್ತಕ ತೆರೆಯದೆಯೇ ಬೆರಳಿಗೆ ತಿಳಿಯಿತು.

ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಎದ್ದು ಓಡಾಡಿದೆ. ಯಾಕೆಂದರೆ ಹತ್ತಿ ನನ್ನದು. ನಮ್ಮ ತಂದೆ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗುಮಾಸ್ತರು. ನನ್ನ ಬಾಲ್ಯವೆಲ್ಲ ಹತ್ತಿಯ ರಾಶಿಯ ಮೇಲೆ ಜಿಗಿಯುವುದರಲ್ಲಿ ಕಳೆಯಿತು. ರಾತ್ರಿ ಅವ್ವ ತಲೆ ಬಾಚುವಾಗ ಜಡೆಯಿಂದ ಹಿಂಜಿದ ಹತ್ತಿ ತೆಗೆದು ತೆಗೆದು ಅದರಲ್ಲೇ ದೇವರಿಗೆ ಬತ್ತಿ ಹೊಸೆಯುತ್ತಿದ್ದಳು. ಮುಂದೆ ಇತಿಹಾಸದ ಟೀಚರಾದ ಮೇಲೆ ನಮ್ಮ ಧಾರವಾಡ ಸೀಮೆಯ ಹತ್ತಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೆ. ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ನಮ್ಮ ನಾಡು ಹತ್ತಿಗೆ ಬಿಳಿಯರ ಪೇಟೆಯಲ್ಲಿ 'ಕುಂಪ್ಟಾ' ಎಂದೇ ಹೆಸರು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕೆಯಿಂದ ನ್ಯೂ ಓರ್ಲಿಯನ್ಸ್ ಬೀಜ ತರಿಸಿ ಹಿಂದುಸ್ಥಾನದ ಹಲವು ಕಡೆ ಬಿತ್ತಿಸಿತು. ಬೇರೆಡೆ ಹೆಚ್ಚಾಗಿ ಸೋತ ಆ ಬೀಜ ನಮ್ಮ ಎರೆಭೂಮಿಗೆ ಒಗ್ಗಿ 'ಧಾರವಾಡ-ಅಮೆರಿಕನ್' ಎಂಬ ಹೊಸ ಹೆಸರು ಪಡೆಯಿತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು, ಯುದ್ಧ ಮುಗಿದೊಡನೆ ಧಾರಣೆ ಕುಸಿದುಬಿತ್ತು. ಇಷ್ಟೆಲ್ಲ ನೋಟ್‌ಬುಕ್ಕಿನಲ್ಲಿ ಇತ್ತು. ಕ್ಲಾಸಿನಲ್ಲಿ ಮಾತ್ರ ನಾನು ಪಠ್ಯಪುಸ್ತಕ ಓದಿಸುತ್ತಿದ್ದೆ. ಟೀಚರಾದವಳಿಗೆ ತನ್ನ ಹುಚ್ಚನ್ನು ಮಕ್ಕಳ ಮುಂದೆ ತೋರಿಸುವುದು ಮರ್ಯಾದೆಯಲ್ಲ ಎಂಬ ಒಂದು ಭಾವನೆ ನನ್ನಲ್ಲಿತ್ತು.

2010ರಲ್ಲಿ ಒಂಬತ್ತನೆಯ ತರಗತಿಗೆ ಪ್ರಾಜೆಕ್ಟು ಕೊಡುವ ಸಮಯ ಬಂದಾಗ, ಪ್ರತಿವರ್ಷದ ಹಾಗೆ ವಿಷಯಗಳ ಚೀಟಿ ಎತ್ತಿಸುವುದನ್ನು ಬಿಟ್ಟೆ. ಈ ಸಲ ಎಲ್ಲರದೂ ಒಂದೇ, ಹತ್ತಿ ಎಂದೆ.

ಮೊದಲ ದಿನ ಡ್ಯೂಯಿಯ ಆಟವನ್ನೇ ಆಡಿಸಿದೆ. ಹೊಲದಿಂದ ಒಂದು ಚೀಲ ಹತ್ತಿ ತರಿಸಿ ನಲವತ್ತು ಮಕ್ಕಳಿಗೆ ಹಂಚಿ, ಅರ್ಧ ತಾಸು ಕಾಳು ಬಿಡಿಸಿ ಎಂದೆ. ತೂಗುವುದಕ್ಕೆ ಒಬ್ಬ ಹುಡುಗ ತಮ್ಮ ಮನೆಯಿಂದ ಬಂಗಾರ ತೂಗುವ ಸಣ್ಣ ತಕ್ಕಡಿ ತಂದಿದ್ದ. ಎಲ್ಲರಿಗಿಂತ ಜೋರಿನ ಹುಡುಗಿಗೆ ಸಿಕ್ಕಿದ್ದು ಇಪ್ಪತ್ತು ಗ್ರಾಮು. ನಾನು ಉಣ್ಣೆ ಮೊದಲು, ಹತ್ತಿ ಆಮೇಲೆ ಎಂದು ಡ್ಯೂಯಿಯ ಮಾತನ್ನು ಒಪ್ಪಿಸುವಷ್ಟರಲ್ಲಿ ಹಿಂದಿನ ಬೆಂಚಿನವನೊಬ್ಬ ಎದ್ದು, "ಮತ್ತ ಮೊಹೆಂಜೊದಾರೋದಾಗ ಹತ್ತಿ ಅರಿವೀನ ಸಿಕ್ಕೈತಿ ಅಂತ ನೀವ ಹೇಳಿದ್ರಲ್ರೀ?" ಎಂದ. ಹೌದಲ್ಲ! ಕುರಿಯ ಸೀಮೆಯ ಪಾಠವನ್ನು ನಾನು ಹತ್ತಿಯ ಸೀಮೆಗೆ ತಂದು ಹಚ್ಚಿದ್ದೆ. ಹಾಗಾದರೆ ನಮ್ಮವರು ಇಷ್ಟು ಹತ್ತಿಯನ್ನು ಹೇಗೆ ಬಿಡಿಸುತ್ತಿದ್ದರು ಎಂದು ಕೇಳಿದ್ದಕ್ಕೆ ಮಕ್ಕಳು ಅಜ್ಜಿಯಂದಿರ ಕಡೆ ಓಡಿದರು. ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಹೆಂಗಸರು ಹತ್ತಿ ಅರೆಯುತ್ತಿದ್ದರೆಂದು ನಾನು ಓದಿದ್ದೆ. ಅಂಥದೊಂದು ಸರಳು ಒಬ್ಬರ ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿತ್ತು. ಅದನ್ನು ಕ್ಲಾಸಿಗೆ ತಂದ ದಿನದ ಗದ್ದಲ ಹೇಳತೀರದು. ಪಕ್ಕದ ಕ್ಲಾಸಿನಿಂದ ದೂರು ಬಂತು.

ಹುಬ್ಬಳ್ಳಿಯ ಬೆಂಗೇರಿಗೂ ಕರೆದುಕೊಂಡು ಹೋದೆ. 1957ರಲ್ಲಿ ಹುಟ್ಟಿದ ಅಲ್ಲಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವವರು ಹೆಚ್ಚಿನಂಶ ಹೆಂಗಸರೇ. ಅಂಗೈಯಗಲದಿಂದ ಹಿಡಿದು ಇಪ್ಪತ್ತೊಂದು ಅಡಿ ಉದ್ದದವರೆಗೆ ಒಂಬತ್ತು ಅಳತೆಯ ಧ್ವಜಗಳು. ಒಂದು ದಾರ ಹೆಚ್ಚು ಕಡಿಮೆಯಾದರೂ ನಡೆಯುವುದಿಲ್ಲ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟ ಸುದ್ದಿ ಓದಿದಾಗ ನನಗೆ ಆ ಹೊಲಿಗೆ ಯಂತ್ರಗಳ ಮುಂದೆ ಕೂತಿದ್ದ ಅಕ್ಕತಂಗಿಯರದೇ ಯೋಚನೆ.

ಹೀಗೆ ನನ್ನ ಹುಚ್ಚು ಮಕ್ಕಳಿಗೂ ಹಿಡಿಯಿತೆಂದು ನಾನು ಬೀಗುತ್ತಿದ್ದೆ. ಒಬ್ಬಳಿಗೆ ಮಾತ್ರ ಹಿಡಿದಿರಲಿಲ್ಲ.

ಅವಳ ಹೆಸರು ಬರೆಯುವುದಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ತಿಂಗಳಿಗೆ ಏಳೆಂಟು ದಿನ ಗೈರುಹಾಜರಿ, ಬಂದ ದಿನವೂ ಮಧ್ಯಾಹ್ನದ ಪಿರಿಯಡ್ಡಿನಲ್ಲಿ ತೂಕಡಿಕೆ. ತಾಯಿ ಕೂಲಿಗೆ ಹೋಗುವವಳು, ಮಗಳೂ ಜೊತೆಗೆ. ಇಷ್ಟು ಗೊತ್ತಿದ್ದ ನಾನು, ಈ ಪ್ರಾಜೆಕ್ಟಿನಲ್ಲಿ ಇವಳೇ ಎಲ್ಲರಿಗಿಂತ ಮುಂದೆ ಇರುತ್ತಾಳೆ, ಇವಳ ಬದುಕೇ ಹತ್ತಿಯಲ್ಲವೇ ಎಂದು ನನ್ನಷ್ಟಕ್ಕೆ ಲೆಕ್ಕ ಹಾಕಿದ್ದೆ. "ಏನ್ ತಂಗಿ, ನೀ ಏನ ಮಾಡ್ತಿ?" ಎಂದು ಕೇಳಿದರೆ ಅವಳು ನೆಲ ನೋಡುತ್ತ, "ನನಗ ಹತ್ತಿ ಬ್ಯಾಡ್ರಿ ಟೀಚರ್. ಬ್ಯಾರೆ ಏನಾರ ಕೊಡ್ರಿ" ಎಂದಳು. ಅವಳ ಬೆರಳ ತುದಿಗಳನ್ನು ನಾನು ಆಗ ನೋಡಿದೆ. ಒಣಗಿದ ಹತ್ತಿಕಾಯಿಯ ಸಿಪ್ಪೆ ಸೂಜಿಯಂತೆ ಚುಚ್ಚುತ್ತದೆ. ಇಪ್ಪತ್ತೂ ಗ್ರಾಮು ಬಿಡಿಸಿದ ಜೋರಿನ ಹುಡುಗಿ ಅವಳೇ.

ನನಗೆ ನಮ್ಮ ಅವ್ವನ ತಕಲಿ ನೆನಪಾಯಿತು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಶಿಕ್ಷಣ ಸಮ್ಮೇಳನ ಕರೆದು, ಮಕ್ಕಳಿಗೆ ಒಂದು ಕೈಕಸುಬಿನ ಮೂಲಕವೇ ಎಲ್ಲ ವಿದ್ಯೆ ಕಲಿಸಬೇಕೆಂದರು. ಪಠ್ಯಕ್ರಮ ಮಾಡಿದ್ದು ಜಾಕಿರ್ ಹುಸೇನರ ಸಮಿತಿ. ಮುಂದೆ ರಾಷ್ಟ್ರಪತಿಯಾದವರು ಅವರೇ. ಮಕ್ಕಳು ಮಾಡಿದ ವಸ್ತು ಮಾರಿ ಬರುವ ದುಡ್ಡಿನ ಕಡೆಗೇ ಕಣ್ಣು ಹೋದರೆ ವಿದ್ಯೆ ಹಿಂದೆ ಬೀಳುವ ಅಪಾಯವಿದೆ ಎಂದು ಆ ಸಮಿತಿಯ ವರದಿಯೇ ಎಚ್ಚರಿಸಿತ್ತು. ಐವತ್ತರ ದಶಕದಲ್ಲಿ ಶಾಲೆಗೆ ಹೋದ ನಮ್ಮ ಅವ್ವನಿಗೆ ಈ ವಿಚಾರಗಳಲ್ಲಿ ಒಂದೂ ಮುಟ್ಟಿರಲಿಲ್ಲ. "ನೂಲು ಹರೀತಂದ್ರ ಮಾಸ್ತರು ಬಡಿತಿದ್ರು, ಅದಷ್ಟ ನೆನಪೈತಿ" ಎನ್ನುತ್ತಿದ್ದಳು. ಒಳ್ಳೆಯವರ ಹುಚ್ಚೂ ಮಕ್ಕಳ ಕೈಗೆ ಬರುವಷ್ಟರಲ್ಲಿ ಹೀಗಾಗುತ್ತದೆ. ನಾನೂ ಅದನ್ನೇ ಮಾಡುತ್ತಿದ್ದೇನೆಯೇ?

ಮರುದಿನ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹತ್ತಿಯ ಬಗ್ಗೆ ನಿಮಗೇ ತಿಳಿಯಬೇಕೆನಿಸಿದ ಒಂದು ಸಂಗತಿ ಬರೆಯಿರಿ, ಹೆಸರು ಬೇಡ ಎಂದೆ. ಅಕ್ಷರದಿಂದಲೇ ಅವಳ ಚೀಟಿ ಗುರುತು ಸಿಕ್ಕಿತು. "ತೂಕ ಯಾಕ ಕಡಿಮಿ ಬರತೈತಿ?" ಎಂದು ಬರೆದಿದ್ದಳು.

ಇದು ಇತಿಹಾಸದ ಪ್ರಶ್ನೆ ಅಲ್ಲ ಎಂದು ಆ ಚೀಟಿಯನ್ನು ಬದಿಗಿಟ್ಟೆ ಎಂದು ಹೇಳುವುದಕ್ಕೆ ಈಗ ನಾಚಿಕೆ. ನಾಲ್ಕು ದಿನದ ಮೇಲೆ ಕರೆದು ಕೇಳಿದಾಗ ಬಿಚ್ಚಿ ಹೇಳಿದಳು. ಬೆಳಿಗ್ಗೆ ಬಿಡಿಸಿದ ಹತ್ತಿಯಲ್ಲಿ ಇಬ್ಬನಿಯ ತೂಕವಿರುತ್ತದೆಂದು ಇಪ್ಪತ್ತು ಕಿಲೋದ ಗಂಟಿಗೆ ಎರಡು ಕಿಲೋ ಮುರಿದುಕೊಳ್ಳುತ್ತಾರೆ. ಕೂಲಿ ಕಿಲೋದ ಲೆಕ್ಕದಲ್ಲಿ. ಇಬ್ಬನಿ ಅಷ್ಟು ಭಾರ ಇರುತ್ತದೆಯೇ? ಅವಳಿಗೆ ಹತ್ತಿ ಬೇಕಿರಲಿಲ್ಲ. ಲೆಕ್ಕ ಬೇಕಿತ್ತು. ಗಣಿತದಲ್ಲಿ ಜಾಣೆ ಎಂದು ಗಣಿತದ ಮಾಸ್ತರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಪರೀಕ್ಷೆಗಳೆಲ್ಲ ಹತ್ತಿ ಬಿಡಿಸುವ ಕಾಲಕ್ಕೇ ಬರುತ್ತಿದ್ದವು.

"ಹಾಗಾದರೆ ಅದನ್ನೇ ಮಾಡು" ಎಂದೆ. ರದ್ದಿ ಅಂಗಡಿಯವನ ಹತ್ತಿರ ಕೊಕ್ಕೆಗೆ ತೂಗುಹಾಕುವ ಸ್ಪ್ರಿಂಗ್ ತಕ್ಕಡಿ ಇತ್ತು, ನನ್ನ ಮಾತಿನ ಮೇಲೆ ರವಿವಾರಕ್ಕೊಮ್ಮೆ ಕೊಟ್ಟ. ಹೊಲದ ತಕ್ಕಡಿಗೆ ಹೋಗುವ ಮೊದಲು ತಾಯಿಯ ಗುಂಪಿನವರ ಗಂಟುಗಳನ್ನು ಅವಳು ತೂಗಿ ಬರೆದಳು. ಆಮೇಲೆ ನಾವಿಬ್ಬರೂ ಸೇರಿ ಇಬ್ಬನಿಯ ತೂಕ ಹಿಡಿದೆವು. ನಮ್ಮ ತಂದೆಯ ಹಳೆಯ ಸ್ನೇಹಿತರ ಹೊಲದಲ್ಲಿ ಬೆಳಿಗ್ಗೆ ಏಳಕ್ಕೆ ಬಿಡಿಸಿದ ಹತ್ತು ಕಿಲೋ ಹತ್ತಿಯನ್ನು ಶಾಲೆಯ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ ಕಾಗೆ ಕಾಯ್ದಂತೆ ಕಾಯ್ದೆವು. ತಾಸಿಗೊಮ್ಮೆ ಗಂಟು ಕಟ್ಟಿ ತೂಗುವುದು, ಮತ್ತೆ ಹರವುವುದು. ಮಧ್ಯಾಹ್ನ ಮೂರಕ್ಕೆ ಒಂಬತ್ತೂವರೆ ಕಿಲೋಕ್ಕೆ ಬಂದು ನಿಂತಿತು. ಮೂರು ರವಿವಾರ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಇಪ್ಪತ್ತು ಕಿಲೋಕ್ಕೆ ಒಂದು ಕಿಲೋ. ಅವಳು ಪೆನ್ಸಿಲ್ ಕಚ್ಚುತ್ತ ಕೂತವಳು ತಲೆ ಎತ್ತಿ, "ಅವರು ಹೇಳೂದು ಅರ್ಧ ಖರೇ ಐತ್ರಿ ಟೀಚರ್. ಅರ್ಧ ಸುಳ್ಳ ಐತ್ರಿ" ಎಂದಳು. ಅಷ್ಟು ದಿನದಲ್ಲಿ ಅವಳ ಮುಖದಲ್ಲಿ ನಾನು ನಗು ಕಂಡದ್ದು ಆಗಲೇ.

ಆ ರಾತ್ರಿ ನನ್ನ ದಪ್ಪ ನೋಟ್‌ಬುಕ್ಕು ತಿರುವಿದರೆ, ನಾನೇ ಯಾವಾಗಲೋ ಬರೆದಿಟ್ಟ ಒಂದು ಸಾಲು ಕಣ್ಣಿಗೆ ಬಿತ್ತು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯುವುದಕ್ಕೆಂದೇ ಒಂದು ಕಾಯದೆ ಮಾಡಿತ್ತು. ಧಾರಣೆ ಏರಿದಾಗ ಹತ್ತಿಗೆ ಕಾಳು, ಮಣ್ಣು, ಕಸ ಬೆರೆಸಿ ತೂಕ ಹೆಚ್ಚಿಸುತ್ತಾರೆಂದು ಇಂಗ್ಲೆಂಡಿನ ಗಿರಣಿಯವರು ಕೂಗಾಡಿದ್ದರ ಫಲ. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ಗಿರಣಿಯ ಧಣಿಗೆ ತೂಕ ಹೆಚ್ಚು ತೋರಿಸಿದರೆ ಕಾಯದೆ ಬಂತು. ಬಿಡಿಸುವವಳಿಗೆ ತೂಕ ಕಡಿಮೆ ತೋರಿಸಿದರೆ? ಅವಳ ಚೀಟಿ ಇತಿಹಾಸದ್ದೇ ಆಗಿತ್ತು. ನನ್ನ ಇಷ್ಟು ವರ್ಷದ ನೋಟ್‌ಬುಕ್ಕಿನಲ್ಲಿ ಹಡಗು, ಬೀಜ, ಯುದ್ಧ, ಧಾರಣೆ ಎಲ್ಲ ಇದ್ದವು, ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುವ ಹೆಂಗಸು ಒಂದು ಪುಟದಲ್ಲೂ ಇರಲಿಲ್ಲ. ಡ್ಯೂಯಿ 1938ರಲ್ಲಿ ಬರೆದ ಪುಸ್ತಕದಲ್ಲಿ, ಮಗುವಿನ ಸ್ವಾತಂತ್ರ್ಯದ ಹೆಸರಿನಲ್ಲಿ ಶಿಕ್ಷಕ ತನಗೆ ಗೊತ್ತಿರುವುದನ್ನು ಹೇಳದೆ ಬಾಯಿ ಮುಚ್ಚಿಕೊಳ್ಳುವುದು ತಪ್ಪೆಂದು ವಾದಿಸಿದ್ದಾರೆ. ಕಾಯದೆಯ ವಿಷಯ ನಾನು ಹೇಳಿದ್ದರಿಂದಲೇ ಅವಳ ಲೆಕ್ಕಕ್ಕೆ ಒಂದೂವರೆ ಶತಮಾನದ ಹಿನ್ನೆಲೆ ಸಿಕ್ಕಿತು ನಿಜ. ಆದರೆ ಕೇಳಿದವಳು ಅವಳು. ನನಗೆ ನೂರು ವರ್ಷಕ್ಕೂ ಆ ಪ್ರಶ್ನೆ ಹೊಳೆಯುತ್ತಿರಲಿಲ್ಲ.

ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಅವಳು ಎಲ್ಲವನ್ನೂ ಬರೆದಳು. ಎಡಕ್ಕೆ 1863, ಬಲಕ್ಕೆ 2010. ಕೆಳಗೆ ಗಂಟುಗಳ ತೂಕದ ಪಟ್ಟಿ. ಯಾರ ಹೊಲ, ಯಾರ ತಕ್ಕಡಿ ಎಂದು ಹೆಸರಿರಲಿಲ್ಲ.

ಜನವರಿಯಲ್ಲಿ ಪ್ರದರ್ಶನ. ಹಿಂದಿನ ಸಂಜೆ ಗೋಡೆಗೆ ಹಾಳೆಗಳನ್ನು ಅಂಟಿಸುವಾಗ ಊರಿನ ಹಿರಿಯರೊಬ್ಬರು ನೋಡಲು ಬಂದರು. ಶಾಲೆಗೆ ಉಪಕಾರ ಮಾಡಿದವರು, ನೂರಾರು ಎಕರೆಯವರು. ಕುಮಟಾದ ದಾರಿಯ ನಕಾಶೆ ನೋಡಿ ಮೆಚ್ಚಿದರು, ಕಬ್ಬಿಣದ ಸರಳನ್ನು ಮುಟ್ಟಿ ನೋಡಿ ತಮ್ಮ ಅಜ್ಜಿಯನ್ನು ನೆನೆದರು. ಅವಳ ಹಾಳೆಯ ಮುಂದೆ ಬಹಳ ಹೊತ್ತು ನಿಂತರು. "ಛಲೋ ಆಗೇತ್ರಿ ಬಾಯಾರ. ಖರೇ, ಸಣ್ಣ ಹುಡುಗೂರ್ಗೆ ಇವೆಲ್ಲ ಯಾಕ ಬೇಕು?" ಎಂದಷ್ಟೇ ಹೇಳಿ ಚಹಾ ಕುಡಿದು ಹೋದರು. ದನಿ ಏರಿಸಲಿಲ್ಲ, ಹೆದರಿಸಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ವರ್ಗಾವಣೆಯ ಭಯ, ಅವಳ ತಾಯಿಗೆ ಕೂಲಿ ತಪ್ಪಿಸಿಯಾರು ಎಂಬ ಭಯ. ಎರಡನೆಯದನ್ನೇ ದೊಡ್ಡದು ಮಾಡಿ ನನಗೆ ನಾನು ಸಮಾಧಾನ ಹೇಳಿಕೊಂಡೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಆ ಹಾಳೆ ತೆಗೆದು ಸುರುಳಿ ಸುತ್ತಿ ಕಪಾಟಿನಲ್ಲಿ ಇಟ್ಟು, ಆ ಜಾಗದಲ್ಲಿ ಬೆಂಗೇರಿಯ ಧ್ವಜದ ಚಿತ್ರ ಅಂಟಿಸಿದೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು, ತಾಯಿಯನ್ನೂ ಕರೆದುಕೊಂಡು ಬಂದಿದ್ದಳು. ತಾಯಿ ಅಂದು ಕೂಲಿ ಬಿಟ್ಟು ಬಂದಿದ್ದಳು. ಇಬ್ಬರೂ ಗೋಡೆಯ ಉದ್ದಕ್ಕೂ ಒಮ್ಮೆ ಹೋಗಿ ಬಂದರು. ಅವಳು ಧ್ವಜದ ಚಿತ್ರವನ್ನೂ ನನ್ನನ್ನೂ ನೋಡಿದಳು. ಏನೂ ಕೇಳಲಿಲ್ಲ. "ಇಲ್ಲೇ ಎಲ್ಲೋ ಇತ್ತಬೇ" ಎಂದು ತಾಯಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ನಮ್ಮ ಶಾಲೆಗೆ ಆ ವರ್ಷ ತಾಲ್ಲೂಕಿನಲ್ಲಿ ಬಹುಮಾನ ಬಂತು. ವೇದಿಕೆ ಹತ್ತಿ ತೆಗೆದುಕೊಂಡವಳು ನಾನು.

ಆ ಸುಗ್ಗಿಯ ಕೊನೆಯ ಬಿಡಿಸುವಿಕೆಗೆ ಅವಳ ತಾಯಿಯ ಗುಂಪಿನವರು ರದ್ದಿ ಅಂಗಡಿಯ ತಕ್ಕಡಿಯನ್ನು ಬಾಡಿಗೆಗೆ ಒಯ್ದರೆಂದೂ, ಎರಡು ಕಿಲೋ ಮುರಿಯುವುದು ಒಂದಕ್ಕೆ ಬಂತೆಂದೂ ಆ ಅಂಗಡಿಯವನೇ ನನಗೆ ಹೇಳಿದ. ಅವಳು ಹೇಳಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ನನ್ನ ಕ್ಲಾಸಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಟ್ಟಳು, ತಾನಾಗಿ ಒಂದು ಪ್ರಶ್ನೆ ಕೇಳಲಿಲ್ಲ.

ಈಗ ಮಕ್ಕಳಿಗೆ ಚೀಟಿ ಕೊಟ್ಟು ಪ್ರಶ್ನೆ ಬರೆಸುವುದನ್ನು ಬಿಟ್ಟಿಲ್ಲ. ನನ್ನ ನೋಟ್‌ಬುಕ್ಕನ್ನೂ ಕ್ಲಾಸಿಗೆ ಒಯ್ಯುತ್ತೇನೆ. ಎಲ್ಲ ಸಲವೂ ಹೊಲ ತಟ್ಟುವುದಿಲ್ಲ, ಎಷ್ಟೋ ಸಲ ಚೀಟಿಯಲ್ಲಿ ಕ್ರಿಕೆಟ್ಟೇ ಬರುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಶಾಲೆಯ ಹೊರಗಿನ ಬದುಕಿಗೆ ಪಾಠವನ್ನು ಜೋಡಿಸಿ ಎನ್ನುತ್ತದೆ, ತರಬೇತಿಗಳಲ್ಲಿ ನಾವು ಅದನ್ನು ಬರೆದುಕೊಂಡು ಬಂದಿದ್ದೇವೆ. ಜೋಡಿಸಿದ ಮೇಲೆ ಹೊರಗಿನವರು ಒಳಗೆ ಬಂದು ಚಹಾ ಕುಡಿದು ಹೋದರೆ ಏನು ಮಾಡಬೇಕೆಂದು ಯಾವ ತರಬೇತಿಯಲ್ಲೂ ಹೇಳಿಲ್ಲ.

ಎರಡು ವರ್ಷದ ಹಿಂದೆ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಂಕುಳಲ್ಲಿ ಮಗು, ಕೈಯಲ್ಲಿ ಹೆಂಗಸರ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ. ಅವಳೇ ಬಂದು ಮಾತನಾಡಿಸಿ, ನನ್ನ ಮೊಣಕಾಲು ನೋವು ವಿಚಾರಿಸಿದಳು. ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ, "ಟೀಚರ್, ಆ ಹಾಳಿ ಇನ್ನೂ ಐತೇನ್ರೀ?" ಎಂದಳು.

"ಐತವಾ" ಎಂದೆ.

"ಒಂದಿನ ಬಂದು ಒಯ್ತೀನ್ರೀ" ಎಂದಳು. ಇನ್ನೂ ಬಂದಿಲ್ಲ. ಕಪಾಟಿನಿಂದ ತೆಗೆದು, ಇಲಿ ಮುಟ್ಟದ ಹಾಗೆ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ.